ಸವಾಲಿಗೆ ಜವಾಬು: ಮಾಹಿತಿ ಹಕ್ಕಿನ ಪುಸ್ತಕ ಓದಿದ ಮ್ಯಾಲೆ



ವಾಚನಾಲಯದವರು ಈ ಸಲದ ಸಂಗ್ರಹಕ್ಕೆ “ನೀವು ಓದಿದ ಒಂದು ಪುಸ್ತಕದ ಗುಣ-ದೋಷ ಬರಕೊಡ್ರಿ” ಅಂದಾಗ, ನಾನು ಡೊಳ್ಳಿನ ಪದದ ಮ್ಯಾಲೋ ಭಜನಿ ಪದದ ಮ್ಯಾಲೋ ಬರೀತೀನಿ ಅಂತ ಎಲ್ಲಾರೂ ತಿಳಕೊಂಡಿದ್ದರು. ನಾನು ಆರಿಸಿಕೊಂಡದ್ದು ಕಪಾಟಿನ ಮೂಲ್ಯಾಗ ಬಿದ್ದಿದ್ದ ಒಂದು ತೆಳ್ಳನ ಪುಸ್ತಕ: 2005ರ ಮಾಹಿತಿ ಹಕ್ಕು ಕಾಯಿದೆ. ಕನ್ನಡದ ಪ್ರತಿಯನ್ನು ಒಬ್ಬ ಗುರುಗಳು ವಿಜಯಪುರದಿಂದ ತಂದು ಇಟ್ಟಿದ್ದರು. ಅದರ ಬಾಜೂಕ ಮರಾಠಿ ಪ್ರತಿಯೂ ಇತ್ತು. ನಾನು ಏಳನೇ ಇಯತ್ತೆ ಓದಿದ ಒಕ್ಕಲಿಗ. ವಕೀಲರಂಗ ಓದಲಿಕ್ಕೆ ನನಗ ಬರೂದಿಲ್ಲ. ಹಾಡಿಕಿಯವ ಹೆಂಗ ಓದತಾನೋ ಹಂಗ ಓದೀನಿ.

ಹಾಡಿಕಿಯವ ಮೊದಲು ನೋಡೂದು ಸವಾಲ-ಜವಾಬಿನ ಕಟ್ಟು. ನಮ್ಮ ಕಡೆ ಹರದೇಶಿ-ನಾಗೇಶಿ ಹಾಡಿಕಿ ನಡೆದರೆ ರಾತ್ರಿ ಬೆಳತನಕ ಎರಡು ಮೇಳ ಎದುರು-ಬದುರು ನಿಲ್ಲತಾವು. ಒಂದು ಮೇಳ ಸವಾಲು ಹಾಕತದ, ಇನ್ನೊಂದು ಎದ್ದು ಜವಾಬು ಹೇಳಬೇಕು. ಅದಕ್ಕ ಬರೆಯದ ಕಾನೂನು ಅದಾವು. ಸವಾಲು ಬಿಟ್ಟು ಬ್ಯಾರೆ ಕತಿ ತಗದರ ಸೋತಂಗ. “ನೀ ಇದನ್ನ ಯಾಕ ಕೇಳತಿ?” ಅಂದರೂ ಸೋತಂಗ. ಬಾಯಿ ಮುಚ್ಚಿಕೊಂಡು ಕೂತರೂ ಸೋತಂಗ. ಜವಾಬು ಸರಿಯೋ ತಪ್ಪೋ ಅಂತ ಸಭಾದಾಗ ಕೂತ ಮಂದಿ ಹೇಳತಾರ.

ಈ ಕಾಯಿದೆ ಓದಿದಾಗ ನನಗ ಮೊದಲು ಆಶ್ಚರ್ಯ ಆದದ್ದು ಇದೇ. ಇದನ್ನ ಬರೆದವರು ಹಾಡಿಕಿ ಕೇಳಿದ್ದರೋ ಇಲ್ಲೋ, ಕಟ್ಟು ಮಾತ್ರ ಅದೇ ಅದ. 6ನೇ ಕಲಮಿನ ಎರಡನೇ ಉಪಕಲಮು, ಕೇಳುವವ ಕಾರಣ ಹೇಳಬೇಕಾಗಿಲ್ಲ ಅಂತದ. 7ನೇ ಕಲಮು 30 ದಿನದಾಗ ಜವಾಬು ಕೊಡಬೇಕು ಅಂತದ, ಜೀವದ ಅಥವಾ ಬಂಧನದ ಮಾತಾದರೆ 48 ತಾಸಿನಾಗ. ಗಡುವು ಮುಗಿಯೂತನ ಸುಮ್ಮ ಕೂತರ ನಿರಾಕರಿಸಿದಂಗ ಅಂತ ಅದೇ ಕಲಮು ಹೇಳತದ. ಅರ್ಜಿ ತಪ್ಪಿ ಬ್ಯಾರೆ ಕಚೇರಿಗೆ ಹೋಗಿದ್ದರೆ, “ನಮ್ಮದಲ್ಲ” ಅಂತ ಮರಳಿ ಕಳಿಸಬಾರದು. ಐದು ದಿನದಾಗ ಸಂಬಂಧಪಟ್ಟ ಕಚೇರಿಗೆ ಅವರೇ ದಾಟಿಸಬೇಕು. ಗಡುವು ಮೀರಿದರೆ ಪ್ರತಿಗೆ ದುಡ್ಡು ತಗೊಳ್ಳಬಾರದು. ಸರಿಯಾದ ಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕ 250 ರೂಪಾಯಿ, ಹೆಚ್ಚೆಂದರ 25,000 ರೂಪಾಯಿ ದಂಡ. ಹಿಂಗ ಮಾತು ಚಿಕ್ಕದು, ಗಡುವು ಪಕ್ಕಾ. ಪದ ಕಟ್ಟುವವ ಮೆಚ್ಚುವಂಗ ಅದ.

ಇದು ದಿಲ್ಲಿಯಾಗ ಕೂತವರ ತಲಿಯಿಂದ ತಾನಾಗೇ ಹುಟ್ಟಿದ ಪದ ಅಲ್ಲ ಅನ್ನೂದನ್ನೂ ಹೇಳಬೇಕು. ರಾಜಸ್ಥಾನದಾಗ 1990ರಾಗ ಕೂಲಿಕಾರರು, ಸಣ್ಣ ಒಕ್ಕಲಿಗರು ಸೇರಿ ಮಜದೂರ ಕಿಸಾನ ಶಕ್ತಿ ಸಂಘಟನ ಕಟ್ಟಿದರು. ಬರಗಾಲದ ಕೆಲಸಕ್ಕ ಕೂಲಿ ಪೂರಾ ಕೊಟ್ಟಿಲ್ಲ, ಹಾಜರಿ ಪಟ ತೋರಿಸ್ರಿ ಅಂತ ಅವರು ಕೇಳಿದ್ದರಿಂದ ಇದು ಸುರು ಆತು. 1994ರಿಂದ ಅವರು ಊರಿನ ಸಭಾದಾಗ ಹಾಜರಿ ಪಟ ಗಟ್ಟಿಯಾಗಿ ಓದಿಸಿದರು. ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಬಂದಾಗ ಮಂದಿ ಎದ್ದು ನಿಂತು ಹೇಳಿದರು. 1996ರಾಗ ಬ್ಯಾವರ ಪಟ್ಟಣದಾಗ 40 ದಿನ ಧರಣಿ ಕೂತರು. ಅರುಣಾ ರಾಯ್ ಅವರ ಜೊತೆಗಿದ್ದ ಶಂಕರ ಸಿಂಗ್ ಅನ್ನುವವರು ಹಾಡಿನಿಂದ, ಕೈಗೊಂಬಿ ಆಟದಿಂದ ಮಂದಿಗೆ ಇದನ್ನ ತಿಳಿಸಿದರು. ಮಹಾರಾಷ್ಟ್ರದಾಗ ಅಣ್ಣಾ ಹಜಾರೆಯವರ ಹೋರಾಟದಿಂದ ಕೇಂದ್ರಕ್ಕಿಂತ ಮೊದಲೇ ರಾಜ್ಯದ ಕಾಯಿದೆ ಬಂತು. ಕರ್ನಾಟಕವೂ 2000ರಾಗ ತನ್ನದೊಂದು ಮಾಡಿಕೊಂಡಿತ್ತು. ಇಡೀ ದೇಶಕ್ಕ 2005ರ ಅಕ್ಟೋಬರ 12ಕ್ಕ ಈ ಕಾಯಿದೆ ಪೂರ್ತಿ ಜಾರಿಗೆ ಬಂತು. ಅಂದರ ಬರಗಾಲದ ಹಾಜರಿ ಪಟದಿಂದ ಹುಟ್ಟಿದ್ದು ಬರಗಾಲದ ನಾಡಾದ ನಮ್ಮ ಜತ್ತ ತಾಲೂಕಿಗೆ ಪರಕೀಯ ಅಲ್ಲ.

ಇನ್ನು ನನ್ನ ಸ್ವಂತ ಸವಾಲಿನ ಕತಿ. ಯಾವ ಕಚೇರಿ ಅಂತ ಹೆಸರು ಹೇಳೂದಿಲ್ಲ. ಹೆಸರಿನಿಂದ ಕಲಿಯುವಂಥಾದ್ದೂ ಇಲ್ಲ.

ಒಂದು ವರ್ಷ ಮಳಿ ಪೂರಾ ಕೈಕೊಟ್ಟಿತು. ಬಾವಿ, ಬೋರು ಎರಡೂ ಬತ್ತಿ ನಮ್ಮ ವಸ್ತಿಗೆ ಟ್ಯಾಂಕರ ಮಂಜೂರಾತು. ದಿನಕ್ಕ ಎರಡು ಖೇಪು ಅಂತ ಹೇಳಿದ್ದರು. ಬಂದದ್ದು ಎರಡು ದಿನಕ್ಕೊಮ್ಮೆ, ಒಮ್ಮೊಮ್ಮೆ ನಾಲ್ಕು ದಿನಕ್ಕ ಒಂದು. ಮಂದಿಗೇ ನೀರಿಲ್ಲ, ದನಕ್ಕ ಎಲ್ಲಿಂದ ತರೂದು? ಹಾಲು ಕೊಡುವ ಎಮ್ಮಿ ಸಂತಿಗೆ ಹೊಡಕೊಂಡು ಹೋಗಿ ಅರ್ಧ ಬೆಲಿಗೆ ಕೊಟ್ಟು ಬಂದೆ. ಆ ಸಿಟ್ಟಿನಾಗ ರಾತ್ರಿ ಕೂತು ಕನ್ನಡದಾಗ ಎರಡು ಹಾಳಿ ಬರೆದೆ. ನಮ್ಮ ನೀರು ಯಾರ ಹೊಲಕ್ಕ ಹೋತು, ನಿಮಗ ಕರುಣಾ ಯಾಕ ಇಲ್ಲ, ನಮ್ಮ ಎಮ್ಮಿ ಯಾರು ಮರಳಿ ಕೊಡತಾರ, ಹಿಂಗ. ಹತ್ತು ರೂಪಾಯಿ ಕೋರ್ಟ ಫೀ ತಿಕೀಟ ಹಚ್ಚಿ ಕೊಟ್ಟೆ. ಅರ್ಜಿ ಮರಾಠಿಯಲ್ಲಿ ಇರಬೇಕು ಅಂತ ಮರಳಿ ಬಂತು.

ನನ್ನ ಮೊಮ್ಮಗಳು ಮರಾಠಿ ಕಲತಾಳ. ಆಕಿ ಕಡಿಂದ ಅದನ್ನೇ ಮರಾಠಿಯಾಗ ಬರೆಸಿ ಮತ್ತೊಂದು ತಿಕೀಟ ಹಚ್ಚಿ ಕೊಟ್ಟೆ. ಈ ಸಲ ಜವಾಬು ಬಂತು, ಒಂದೇ ಸಾಲು: ಕೇಳಿದ ಮಾಹಿತಿ ಪ್ರಶ್ನಾರ್ಥಕ ಸ್ವರೂಪದ್ದು, ಕೊಡಲು ಬರುವುದಿಲ್ಲ. ನಾನು ಬೈದೆ. ಸವಾಲು ಪ್ರಶ್ನಾರ್ಥಕ ಇಲ್ಲದೆ ಮತ್ತೇನು ಇರತದ?

ಸಿಟ್ಟು ಇಳಿದ ಮ್ಯಾಲೆ ವಾಚನಾಲಯದಾಗ ಕೂತು ಪುಸ್ತಕ ಬಿಚ್ಚಿದೆ. ಆವಾಗ ತಪ್ಪು ತಿಳೀತು, ಅರ್ಧ ತಪ್ಪು ನನ್ನದೇ. ಮಾಹಿತಿ ಅಂದರ ಏನು ಅಂತ 2ನೇ ಕಲಮಿನಾಗ ಪಟ್ಟಿ ಅದ: ದಾಖಲೆ, ಟಿಪ್ಪಣಿ, ಆದೇಶ, ದಿನವಹಿ, ಕರಾರು, ವರದಿ, ನಮೂನೆ, ಹಿಂಗ. ಅಂದರ ಕಚೇರಿಯ ಕಪಾಟಿನಾಗ ಆಗಲೇ ಇದ್ದದ್ದು. “ಯಾಕ” ಅನ್ನೂದು ಕಪಾಟಿನಾಗ ಇರೂದಿಲ್ಲ. ಮುಂಬಯಿ ಹೈಕೋರ್ಟಿನ ಗೋವಾ ಪೀಠ 2008ರಾಗ ಇದನ್ನೇ ಹೇಳ್ಯದ: ಯಾಕ ಹಿಂಗ ಮಾಡಿದಿರಿ ಅನ್ನೂದಕ್ಕ ಸಮರ್ಥನೆ ಕೊಡೂದು ಮಾಹಿತಿ ಆಗೂದಿಲ್ಲ. 2011ರಾಗ ಸುಪ್ರೀಂ ಕೋರ್ಟು ಕೂಡ, ಇಲ್ಲದ ದಾಖಲೆ ಹುಟ್ಟಿಸಿ ಕೊಡಬೇಕು ಅಂತ ಕಾಯಿದೆ ಹೇಳೂದಿಲ್ಲ ಅಂತು. ಹಾಡಿಕಿಯಾಗ ಇದು ನನಗ ಗೊತ್ತಿದ್ದ ಮಾತೇ. “ದೇವರು ಯಾಕ ಕಷ್ಟ ಕೊಡತಾನ?” ಅಂತ ಕೇಳಿದರ ಎದುರಿನವ ಬೆಳತನಕ ಹಾಡತಾನ, ಸಿಗೂದಿಲ್ಲ. “ಇಂಥಾ ಪುರಾಣದಾಗ ಇಂಥವನ ತಾಯಿ ಹೆಸರೇನು?” ಅಂತ ಕೇಳಿದರ ಸಿಕ್ಕಂಗ.

ಮೂರನೇ ಅರ್ಜಿ ನಾಲ್ಕೇ ಸಾಲು. ಇಂಥಾ ತಾರೀಖಿನಿಂದ ಇಂಥಾ ತಾರೀಖಿನತನ, ನಮ್ಮ ವಸ್ತಿಗೆ ಬಂದ ಟ್ಯಾಂಕರಿನ ಖೇಪಿನ ವಹಿಯ ಎಲ್ಲಾ ಹಾಳಿಗಳ ಪ್ರಮಾಣಿತ ಪ್ರತಿ, ನೀರು ಮುಟ್ಟಿತು ಅಂತ ಸಹಿ ಮಾಡಿದ ಕಾಲಮಿನ ಸಮೇತ. ಮೂವತ್ತು ದಿನ ಸುಮ್ಮ. ಇಪ್ಪತ್ತು ರೂಪಾಯಿ ತಿಕೀಟ ಹಚ್ಚಿ ಮೊದಲನೇ ಅಪೀಲು ಹಾಕಿದೆ. ಸುನಾವಣಿಗೆ ಕರೆದರು. ನನ್ನ ಅರ್ಧಂಬರ್ಧ ಮರಾಠಿಯಾಗೇ ಹೇಳಿದೆ. ಆ ಸಾಹೇಬರು ನಿಂತು ಕೇಳಿಕೊಂಡರು, ಹಾಳಿ ಪುಕ್ಕಟ ಕೊಡ್ರಿ ಅಂದರು. ಒಳ್ಳೆಯವರು ಸಿಕ್ಕರ ಒಳ್ಳೇದು ಅಂತಲೇ ಬರೀಬೇಕು.

ಹಾಳಿ ಮನಿಗೆ ತಂದು ನೋಡಿದರ, ಟ್ಯಾಂಕರ ಬಾರದ ದಿನಾನೂ ಎರಡೆರಡು ಖೇಪು. ಪ್ರತಿ ಖೇಪಿನ ಮುಂದ ನಮ್ಮ ವಸ್ತಿಯ ಒಬ್ಬ ಮುದುಕಿಯ ಸಹಿ, ಮರಾಠಿಯಾಗ, ಮುತ್ತಿನಂಥಾ ಅಕ್ಷರ. ಆ ನಮ್ಮ ದೊಡ್ಡವ್ವಗ ಬರೂದು ತನ್ನ ಹೆಸರಿನ ನಾಲ್ಕು ಕನ್ನಡ ಅಕ್ಷರ ಅಷ್ಟೇ. ಆಕಿ ಹಾಳಿ ಹಿಡದು ತಿರುಗಿಸಿ ಮುರುಗಿಸಿ ನೋಡಿ, “ಇದೇನು ಬರದದಪ್ಪಾ?” ಅಂದಳು. “ನಿನ್ನ ಹೆಸರವ್ವಾ” ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಬರೆದವರು ಯಾರು ಅಂತ ನಾನು ಕಂಡಿಲ್ಲ, ಕಾಣದ್ದನ್ನ ಹೇಳೂದೂ ಇಲ್ಲ. ಆ ಹಾಳಿ ಗ್ರಾಮಸಭಾದಾಗ ಗಟ್ಟಿಯಾಗಿ ಓದಿದಿವಿ. ಮುಂದಿನ ವಾರದಿಂದ ಟ್ಯಾಂಕರ ಸರಿಯಾಗಿ ಬಂತು. ಹೋದ ನೀರು ಹೋತು. ಎಮ್ಮಿಯೂ ಮರಳಿ ಬರಲಿಲ್ಲ.

ಇಷ್ಟು ಹೇಳಿದ ಮ್ಯಾಲೆ ಈ ಪುಸ್ತಕದ ದೋಷ ಹೇಳಲಿಕ್ಕೆ ನನಗ ಅಧಿಕಾರ ಬಂತು ಅಂತ ತಿಳಕೋತೀನಿ.

ಆ “ಅಧಿಕಾರ” ಅನ್ನೋ ಶಬ್ದದಿಂದಲೇ ಸುರು ಮಾಡತೀನಿ. “ಮಾಹಿತಿ” ಎರಡೂ ಭಾಷೆಯಾಗ ಒಂದೇ ಮಾತು. ಆದರ ಕನ್ನಡದವರು “ಮಾಹಿತಿ ಹಕ್ಕು” ಅಂದರು, ಮರಾಠಿಯವರು “ಮಾಹಿತೀಚಾ ಅಧಿಕಾರ” ಅಂದರು. ಮರಾಠಿಯಾಗ ಅಧಿಕಾರ ಅಂದರ ಹಕ್ಕೂ ಹೌದು. ಕನ್ನಡದ ಕಿವಿಗೆ ಅಧಿಕಾರ ಅಂದರ ಖುರ್ಚಿ. ನಮ್ಮ ವಸ್ತಿಯ ಮಂದಿ ಕಚೇರಿ ಗೋಡಿ ಮ್ಯಾಲಿನ ಫಲಕ ನೋಡಿ, ಅದು ಸಾಹೇಬರ ಅಧಿಕಾರದ ಫಲಕ ಅಂತ ತಿಳಕೊಂಡು ಕೈಮುಗಿದು ಬರತಿದ್ದರು. ತಮ್ಮದೇ ಹಕ್ಕಿಗೆ ತಾವೇ ಕೈಮುಗಿದು ಬಂದಂಗ ಆತು. ಇದು ಮರಾಠಿಯ ತಪ್ಪಲ್ಲ. ಗಡಿಯಾಗ ಒಂದೇ ಶಬ್ದ ಎರಡು ಮುಖ ತೋರಸತದ, ಅದನ್ನ ತಿಳಿಸಿ ಹೇಳುವವರು ಬೇಕು.

ದೊಡ್ಡ ದೋಷ 6ನೇ ಕಲಮಿನ ಮೊದಲ ಮಾತಿನಾಗ ಅದ. ಅರ್ಜಿ ಇಂಗ್ಲಿಷಿನಾಗ, ಹಿಂದಿಯಾಗ, ಇಲ್ಲಾ ಆ ಪ್ರದೇಶದ ಅಧಿಕೃತ ಭಾಷೆಯಾಗ ಇರಬೇಕು. ನಮ್ಮ ಪ್ರದೇಶದ ಅಧಿಕೃತ ಭಾಷೆ ಮರಾಠಿ. ಹಂಗಾದರ ನನ್ನ ಮೊದಲ ಅರ್ಜಿ ಮರಳಿ ಕಳಿಸಿದವರು ಕಾಯಿದೆ ಮೀರಲಿಲ್ಲ, ಒಪ್ಪಿಕೊಳ್ಳತೀನಿ. ಆದರ ಅದೇ ಪುಸ್ತಕದ 4ನೇ ಕಲಮಿನ ನಾಲ್ಕನೇ ಉಪಕಲಮು ಏನಂತದ? ಕಚೇರಿಗಳು ತಾವಾಗಿ ಹೊರಗ ಹಾಕುವ ಮಾಹಿತಿಯನ್ನ ಸ್ಥಳೀಯ ಭಾಷೆ ಗಮನಿಸಿ ತಿಳಿಸಬೇಕು. ಅಲ್ಲಿ “ಅಧಿಕೃತ” ಇಲ್ಲ, “ಸ್ಥಳೀಯ” ಅದ. ಉಮದಿಯ ಸ್ಥಳೀಯ ಭಾಷೆ ಯಾವುದು ಅಂತ ಸಂತಿಗೆ ಬಂದು ಒಂದು ತಾಸು ನಿಂತರ ಯಾರಿಗಾದರೂ ತಿಳೀತದ. ಅಂದರ ಅವರು ನಮಗ ಕನ್ನಡದಾಗ ಹೇಳಬೇಕು, ನಾವು ಅವರಿಗೆ ಕನ್ನಡದಾಗ ಕೇಳಬಾರದು. ಒಂದೇ ಪದದ ಎರಡು ನುಡಿ ತಾಳ ತಪ್ಪ್ಯಾವು.

ಇನ್ನೊಂದು ವಿಚಿತ್ರ ನೋಡ್ರಿ. ನಮ್ಮ ಸಂವಿಧಾನದ 350ನೇ ಅನುಚ್ಛೇದದ ಪ್ರಕಾರ, ಯಾವನೇ ಆಗಲಿ ತನ್ನ ಕುಂದುಕೊರತೆಯ ಮನವಿಯನ್ನ ದೇಶದಾಗ ಅಥವಾ ಆ ರಾಜ್ಯದಾಗ ಬಳಕೆಯಲ್ಲಿರುವ ಯಾವ ಭಾಷೆಯಾಗಾದರೂ ಕೊಡಬಹುದು. ಅಂದರ ದುಃಖ ತೋಡಿಕೊಳ್ಳಲಿಕ್ಕೆ ಕನ್ನಡ ನಡೀತದ, ಲೆಕ್ಕ ಕೇಳಲಿಕ್ಕೆ ನಡಿಯೂದಿಲ್ಲ. ಅಳೂ ಕೂಸಿಗೆ ತಾಯಿ ಭಾಷೆ, ಕೇಳೂ ಮನಷ್ಯಾಗ ದೊರಿ ಭಾಷೆ! ಕೇಳೂದೇ ಅಳೂದಕ್ಕಿಂತ ಮಿಗಿಲು ಅಂತ ಕಾಯಿದೆ ಮಾಡಿದವರು ಈ ಒಂದು ಸಾಲಿನಾಗ ಮಾತ್ರ ಯಾಕ ಕೈ ಬಿಗಿ ಹಿಡಿದರು?

ಇದನ್ನ ಮರಾಠಿ ವಿರುದ್ಧ ಮಾತು ಅಂತ ಯಾರೂ ತಿಳೀಬ್ಯಾಡ್ರಿ. ಖಾನಾಪುರದ, ನಿಪ್ಪಾಣಿಯ ಮರಾಠಿ ಒಕ್ಕಲಿಗನಿಗೂ ಅತ್ತ ಕಡೆ ಇದೇ ಗೋಳು. ಅವನು ಕನ್ನಡದಾಗ ಬರೆಸಬೇಕು. ನಮ್ಮೂರಿನಾಗ ಹುಟ್ಟಿದ ಭಾವೂಸಾಹೇಬ ಮಹಾರಾಜರ ಇಂಚಗೇರಿ ಮಠದ ಪರಂಪರೆಯಾಗ ಕನ್ನಡದ ಪದವೂ ಮರಾಠಿಯ ಅಭಂಗವೂ ಒಂದೇ ಭಜನಿಯಾಗ ಕೂಡತಾವು. ದೇವರ ಮುಂದ ಕೂಡಿದ್ದು ಟೇಬಲಿನ ಮುಂದ ಯಾಕ ಕೂಡಬಾರದು? ಕೂಡಸಲಿಕ್ಕೆ ಬರತದ ಅನ್ನೂದಕ್ಕ ಕಾಸರಗೋಡು ಅದ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಾಗ, ಅಲ್ಲಿನ ತಮಿಳು ಮತ್ತ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಾಗೇ ಪತ್ರ ವ್ಯವಹಾರ ಮಾಡಬಹುದು ಅಂತ ಅವಕಾಶ ಇಟ್ಟಾರ. ಎರಡೂ ರಾಜ್ಯ ತಮ್ಮ ತಮ್ಮ ಗಡಿ ತಾಲೂಕಿಗೆ ಅಂಥಾ ಒಂದು ಸಾಲು ಹಾಕಿದರ ಯಾರ ನೆಲವೂ ಕಡಿಮಿ ಆಗೂದಿಲ್ಲ.

ಮೂರನೇ ದೋಷ ಪಂಚರದು. ಮೊದಲ ಅಪೀಲು ಕೇಳುವವರು ಅದೇ ಕಚೇರಿಯ ಮ್ಯಾಲಿನ ಸಾಹೇಬರು, ಅಂದರ ಎದುರಿನ ಮೇಳದ ಹಿರಿಯನೇ ಪಂಚ. ನನಗ ಒಳ್ಳೆಯವರು ಸಿಕ್ಕರು, ಎಲ್ಲಾರಿಗೂ ಸಿಗತಾರ ಅನ್ನಲಿಕ್ಕೆ ಬರೂದಿಲ್ಲ. ಅವರಿಗಾದರೂ 30 ದಿನ, ಹೆಚ್ಚೆಂದರ 45 ದಿನದ ಗಡುವು ಅದ. ಎರಡನೇ ಅಪೀಲು ನಮ್ಮ ಸಾಂಗ್ಲಿ ಜಿಲ್ಲೆಯವರು ರಾಜ್ಯ ಮಾಹಿತಿ ಆಯೋಗದ ಪುಣೆ ಪೀಠಕ್ಕ ಹಾಕಬೇಕು. ಆ ಕಡೆಯ ಪಂಚನಿಗೆ ಕಾಯಿದೆ ಯಾವ ಗಡುವೂ ಹಾಕಿಲ್ಲ. ಸಣ್ಣ ಗುಮಾಸ್ತಗ 30 ದಿನ, ದೊಡ್ಡ ಪಂಚಗ ಗಡುವೇ ಇಲ್ಲ. ಮ್ಯಾಲೆ 2019ರ ತಿದ್ದುಪಡಿಯಿಂದ ಆಯುಕ್ತರ ಅವಧಿ, ಪಗಾರ ಗೊತ್ತುಮಾಡೂದು ಕೇಂದ್ರ ಸರಕಾರದ ಕೈಗೆ ಹೋತು. 2023ರ ದತ್ತಾಂಶ ಕಾಯಿದೆಯ 44ನೇ ಕಲಮು, 8ನೇ ಕಲಮಿನ ಖಾಸಗಿ ಮಾಹಿತಿಯ ಮಾತನ್ನ ಬದಲು ಮಾಡಿ, ಅಲ್ಲೇ ಕೂಡಿಸಿದ್ದ “ಜನಹಿತ ಇದ್ದರ ಕೊಡಬಹುದು” ಅನ್ನೋ ತುಂಡು ತಗದುಬಿಟ್ಟಿತು. ಎರಡನೇ ಉಪಕಲಮಿನಾಗ ಜನಹಿತದ ಮಾತು ಇನ್ನೂ ಉಳದದ, ಅದನ್ನ ಹಿಡದು ವಾದಿಸಬೇಕಾಗತದ. ನಮ್ಮ ದೊಡ್ಡವ್ವನ ಸಹಿ ಖಾಸಗಿ ಅಂತ ನಾಳೆ ಯಾರಾದರೂ ಮುಚ್ಚಿಟ್ಟರ ಏನು ಮಾಡೂದು ಅನ್ನೋ ಚಿಂತಿ ನನಗ ಅದ.

ಇಷ್ಟು ದೋಷ ಹೇಳಿ, ಈ ಪುಸ್ತಕದಾಗ ನನಗ ಎಲ್ಲಕ್ಕಿಂತ ಸೇರಿದ ಸಾಲು ಕಡೀಕ ಇಟ್ಟೀನಿ. ಅದೂ 6ನೇ ಕಲಮಿನಾಗೇ ಅದ, ಭಾಷೆಯ ಸಾಲಿನ ಕೆಳಗ. ಬರೆದು ಕೊಡಲಿಕ್ಕೆ ಆಗದವನು ಬಾಯಿಂದ ಕೇಳಿದರ, ಮಾಹಿತಿ ಅಧಿಕಾರಿಯೇ ಅದನ್ನ ಬರಹಕ್ಕ ಇಳಿಸಲಿಕ್ಕೆ ಎಲ್ಲಾ ಯೋಗ್ಯ ಸಹಾಯ ಮಾಡಬೇಕು. ಗುರುಗಳೇ, ಈ ಸಾಲು ನಾನು ಮೂರು ಸಲ ಓದಿದೆ. ನಮ್ಮ ಹಾಡೆಲ್ಲಾ ಬಾಯಿಂದ ಬಾಯಿಗೆ ಬಂದದ್ದು. ಬರಹ ಬಾರದ ನಮ್ಮ ಮುತ್ಯಾ ರಾತ್ರಿಯೆಲ್ಲಾ ಹಾಡತಿದ್ದ. ಅಂಥವನ ಬಾಯಿಮಾತಿಗೂ ಸರಕಾರ ಲೇಖಣಿ ಹಿಡದು ನಿಲ್ಲಬೇಕು ಅಂತ ಪಾರ್ಲಿಮೆಂಟು ಬರದದ. ಮರಾಠಿ ಬರೆಯಲಿಕ್ಕೆ ಬಾರದ ನಮ್ಮ ದೊಡ್ಡವ್ವ “ಬರೆದು ಕೊಡಲಿಕ್ಕೆ ಆಗದವಳು” ಹೌದೋ ಅಲ್ಲೋ? ಹೌದು ಅಂತ ನನ್ನ ವಾದ. ಈ ಸಾಲು ಹಿಡಕೊಂಡು ಗಡಿಯ ಮನಷ್ಯಾ ಕಚೇರಿ ಮುಂದ ನಿಂತರ, ಭಾಷೆಯ ಗೋಡಿಯಾಗ ಒಂದು ಬಾಗಲಾ ತೆರೀತದ. ನಾನು ಇನ್ನೂ ತಟ್ಟಿ ನೋಡಿದ್ದಿಲ್ಲ. ನನಗ ಮೊದಲೇ ಗೊತ್ತಿದ್ದರ ಮೊದಲ ಅರ್ಜಿ ಬರೀತಿರಲಿಲ್ಲ, ಹೋಗಿ ಹೇಳತಿದ್ದೆ.

4ನೇ ಕಲಮಿನ ವಿವರಣೆಯಾಗೂ ನಮಗ ಸೇರುವ ಮಾತು ಅದ. ಮಾಹಿತಿ ತಿಳಿಸೂದು ಅಂದರ ಫಲಕ, ಪತ್ರಿಕೆ, ಇಂಟರನೆಟ್ಟು ಅಷ್ಟೇ ಅಲ್ಲ, ಬಹಿರಂಗ ಘೋಷಣೆಯೂ ಹೌದು. ನಮ್ಮ ಮಾತಿನಾಗ ಡಂಗುರ. ಟ್ಯಾಂಕರಿನ ಖೇಪು, ರೇಶನ್ನಿನ ಪಟ್ಟಿ, ಮನಿ ಮಂಜೂರಾದವರ ಹೆಸರು ಇವನ್ನ ತಿಂಗಳಿಗೊಮ್ಮೆ ಕನ್ನಡದಾಗ ಡಂಗುರ ಹೊಡಿಸಿದರ ಅರ್ಧ ಅರ್ಜಿ ಬರೆಯೂದೇ ಬೇಕಾಗೂದಿಲ್ಲ.

ನಮ್ಮ ಮೇಳದ ದೋಷವನ್ನೂ ಮುಚ್ಚಬಾರದು. ಅರ್ಜಿ ಹಾಕಿ, ಆಮ್ಯಾಲೆ “ಏನರೆ ಕೊಟ್ಟರ ಹಿಂದ ತಗೋತೀನಿ” ಅನ್ನುವವರು ಹುಟ್ಟ್ಯಾರ. ಅದು ಸವಾಲಲ್ಲ, ಸುಲಿಗಿ. ಅಂಥವರಿಂದ ಪ್ರಾಮಾಣಿಕ ಗುರುಗಳೂ ಗ್ರಾಮಸೇವಕರೂ ಅರ್ಜಿ ಕಂಡ ಕೂಡಲೇ ಹೆದರತಾರ. ಹೆದರಬ್ಯಾಡ್ರಿ ಗುರುಗಳೇ. ವಹಿ ಸರಿ ಇಟ್ಟವಗ ಸವಾಲು ಅಂದರ ತನ್ನ ಕೆಲಸ ಸಭಾದಾಗ ತೋರಸೂ ಅವಕಾಶ.

ಕೇಳುವವರಿಗೆ ನಾನು ಕಲಿತದ್ದಿಷ್ಟು. ಮಹಾರಾಷ್ಟ್ರದ ನಿಯಮದಂಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗ. ಹತ್ತು ರೂಪಾಯಿ ತಿಕೀಟ; ಬಡತನ ರೇಖೆಯ ಕೆಳಗಿನವರಿಗೆ ಪುರಾವೆ ಹಚ್ಚಿದರ ಅದೂ ಇಲ್ಲ. ಪ್ರತಿಗೆ ಹಾಳಿಗೆ ಎರಡು ರೂಪಾಯಿ. ಪ್ರತಿ ಬ್ಯಾಡಾದರ ಕಚೇರಿಗೆ ಹೋಗಿ ಕೂತು ವಹಿ ನೋಡುವ ಹಕ್ಕೂ ಅದ. ಮುಟ್ಟಿದ್ದಕ್ಕ ಸಹಿ ತಗೋರಿ. ಜವಾಬು ಬಾರದಿದ್ದರ, ಸರಿ ಅನಿಸದಿದ್ದರ 30 ದಿನದಾಗ ಮೊದಲ ಅಪೀಲು, ಅಲ್ಲಿಂದ 90 ದಿನದಾಗ ಎರಡನೇದು. ಮುಖ್ಯ ಮಾತು ನಾನು ಪದದಾಗೇ ಕಟ್ಟೀನಿ, ಮಕ್ಕಳಿಗೆ ಕಲಿಸ್ರಿ:

ಯಾಕ ಅಂದರ ಜಾರತಾದ, ಎಷ್ಟ ಅಂದರ ಸಿಗತಾದ, ಕೇಳೋ ತಮ್ಮಾ
ವಹಿ ಯಾವದೈತಿ, ಸಹಿ ಯಾರದೈತಿ, ಹಾಳಿ ಹಿಡದ ಕೇಳ ತಂಗೆಮ್ಮಾ

ಹಾಡಿಕಿಯಾಗ ಮುಂದಿನವ ಒಬ್ಬನೇ ಹಾಡಿದರ ದಮ್ಮು ಸಾಲೂದಿಲ್ಲ, ಹಿಮ್ಮೇಳ ಬೇಕು. ವಾಚನಾಲಯದಾಗ ವಾರಕ್ಕ ಒಂದು ಸಂಜಿ, ಮರಾಠಿ ಬರುವ ಒಬ್ಬ ಗುರುಗಳು ಲೇಖಣಿ ಹಿಡದು ಕೂತರ ಸಾಕು, ಕನ್ನಡದಾಗ ಹೇಳಿದ್ದು ಮರಾಠಿಯಾಗ ಅರ್ಜಿ ಆಗತದ. ತಿಕೀಟದ ಹತ್ತು ರೂಪಾಯಿ ನಾನು ಕೊಡತೀನಿ. ಮೊದಲನೇ ಸಂಜಿ ನಮ್ಮ ದೊಡ್ಡವ್ವನ್ನ ಕರಕೊಂಡು ಬರತೀನಿ. ಆಕಿ ಕೇಳಬೇಕಾದದ್ದು ಇನ್ನೂ ಒಂದು ಅದ ಅಂತ, ಏನು ಅಂತ ನನಗೂ ಹೇಳಿಲ್ಲ. ಬರಕೊಳ್ಳುವವರಿಗೇ ಹೇಳತಾಳಂತ.